ಚೀನಾದ ಕಾಯ್ದೆ ಹಿಡಿದು ಬನಶಂಕರಿಗೆ ನಡೆದ ವರ್ಷ

ಇದನ್ನು ಬರೆಯಲೆಂದು ನೋಟ್‌ಬುಕ್ ತಂದಿಟ್ಟು ಎರಡು ವರ್ಷವಾಯಿತು. ಮೊದಲ ಪುಟದಲ್ಲಿ ‘ತಪ್ಪೊಪ್ಪಿಗೆ’ ಎಂದು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಗೆರೆಗಳು ನೆಟ್ಟಗೆ ಬಂದವು, ಅದೇ ಸಮಾಧಾನದಲ್ಲಿ ಮುಚ್ಚಿಟ್ಟೆ. ಆಮೇಲೆ ಯುಗಾದಿ ಬಂತು, ಮುಂದೆ ಹಾಕಿದೆ. ಕಣ್ಣಿನ ಪೊರೆ ತೆಗೆಸಿದೆ, ಅದೊಂದು ನೆಪವಾಯಿತು. ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ನೆಪಗಳೂ ಚೆನ್ನಾಗಿಯೇ ಕಾಣತೊಡಗಿದವು. ನಾಳೆ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಕೆಲಸ ಶುರುವಾಗುವುದಿದೆ. ಅದಕ್ಕೆ ಮುಂಚೆ ಇದು ಮುಗಿಯಲೇಬೇಕು. ಹೀಗಾಗಿ ಇವತ್ತು ಚಹಾ ಕುಡಿದವನೇ ಕೂತುಬಿಟ್ಟಿದ್ದೇನೆ.

ಇದರಲ್ಲಿ ನಗುವ ಸಂಗತಿಗಳು ಬಹಳ ಇವೆ, ಮೊದಲೇ ಹೇಳಿಬಿಡುತ್ತೇನೆ. ಈಗ ನೆನೆದರೂ ನನಗೆ ನಗು ತಡೆಯಲಾಗುವುದಿಲ್ಲ. ಅದೂ ಒಂದು ತಪ್ಪೇ ಇರಬಹುದು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿದರೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನಲ್ಲ. ಮೊದಲು ಬಸ್ ಕಂಡಕ್ಟರ್ ಆದೆ, ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಾದಾಮಿಯ ಬಸ್ಸು ಯಾವಾಗ ಬಿಡಬೇಕು, ಹುನಗುಂದದ್ದು ಎಲ್ಲಿ ನಿಲ್ಲಬೇಕು, ಎಲ್ಲವೂ ನನ್ನ ಸೀಟಿಯ ಮೇಲೆ. ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಸೀಟಿ ವಾಪಸ್ ಕೇಳಲು ಮರೆತರು. ನಾನೂ ನೆನಪು ಮಾಡಿಕೊಡಲಿಲ್ಲ.

ಮಗ್ಗದ ಮುಂದೆ ಕೂತವರು ಮನೆಯ ಇಬ್ಬರು ಹೆಂಗಸರು, ನನ್ನ ಅಕ್ಕ ಮತ್ತು ನನ್ನ ಹೆಂಡತಿ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹಳೆಯ ರೂಢಿ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವಳ ಮಗಳೇ ನನ್ನ ಹೆಂಡತಿ. ಹೀಗಾಗಿ ಅಕ್ಕ ನನಗೆ ಅತ್ತೆಯೂ ಹೌದು. ನಾನು ಏನಾದರೂ ತಕರಾರು ತೆಗೆದರೆ ಅವಳು ಮೊದಲು ಕೇಳುವ ಪ್ರಶ್ನೆ ಒಂದೇ: "ಈಗ ತಮ್ಮ ಮಾತಾಡಾಕತ್ತಾನೋ, ಅಳಿಯಾ ಮಾತಾಡಾಕತ್ತಾನೋ? ತಮ್ಮ ಆದ್ರ ಕಪಾಳಕ್ಕ ಕೊಡ್ತೇನಿ, ಅಳಿಯಾ ಆದ್ರ ಚಹಾ ಕೊಡ್ತೇನಿ." ಭಾವ ತೀರಿಹೋದ ಮೇಲೆ ಅಕ್ಕ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದಳು, ಆದರೆ ಎರಡೂ ಮನೆಗಳ ನಡುವೆ ಇದ್ದದ್ದು ಒಂದು ಗೋಡೆ ಮತ್ತು ಅದರಲ್ಲಿ ಒಂದು ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಸೀರೆಯ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡಕ್ಕೂ ಬೇರೆ ಬೇರೆ ಹಾಸು ಹೂಡಿ, ನೇಯುವ ಮೊದಲು ಎಳೆಗೆ ಎಳೆ ಕೂಡಿಸಬೇಕು. ಮೈಯ ಎಳೆಯ ಕುಣಿಕೆಯನ್ನು ಸೆರಗಿನ ಕೆಂಪು ರೇಷ್ಮೆಯ ಕುಣಿಕೆಯೊಳಗೆ ಸಿಕ್ಕಿಸಿ ಬಿಗಿಯುವ ಈ ಕೆಲಸಕ್ಕೆ ಕೊಂಡಿ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಅದನ್ನು ಇಬ್ಬರು ಎದುರುಬದುರು ಕೂತು ಮಾಡುತ್ತಿದ್ದರು. ಆಚೆಯ ಎಳೆ ಅಕ್ಕನ ಕೈಯಲ್ಲಿ, ಈಚೆಯದು ನನ್ನ ಹೆಂಡತಿಯ ಕೈಯಲ್ಲಿ. ಸಾವಿರಾರು ಕುಣಿಕೆ. ಒಬ್ಬರು ಎಳೆದಷ್ಟೇ ಇನ್ನೊಬ್ಬರು ಬಿಡಬೇಕು. ತಾಯಿ ಮಗಳು ಕಣ್ಣು ಎತ್ತದೆ, ಊರ ಸುದ್ದಿಯನ್ನೆಲ್ಲ ಮಾತಾಡಿಕೊಳ್ಳುತ್ತ, ನಡುನಡುವೆ ನನ್ನನ್ನು ಆಡಿಕೊಳ್ಳುತ್ತ ಮುಗಿಸಿಬಿಡುತ್ತಿದ್ದರು.

ಪ್ರತಿವರ್ಷ ಬನದ ಹುಣ್ಣಿಮೆಗೆ ಒಂದು ವಾರ ಮುಂಚೆ ನಮ್ಮ ಓಣಿಯವರು ಬನಶಂಕರಿ ತಾಯಿಗೆ ಒಂದು ಸೀರೆ ನೇಯ್ದು ನಡೆದುಕೊಂಡು ಹೋಗಿ ಒಪ್ಪಿಸುತ್ತಾರೆ. ಇಳಕಲ್ಲಿನಿಂದ ಗುಡೂರು, ಅಲ್ಲಿಂದ ಪಟ್ಟದಕಲ್ಲು, ಅಲ್ಲಿಂದ ಬಾದಾಮಿ ದಾಟಿ ಗುಡಿ. ಸೀರೆಯ ಕೊಂಡಿ ಹಾಕಿದವರಲ್ಲಿ ಹಿರಿಯರು ಕೊನೆಯ ಹಾದಿಯಲ್ಲಿ ಅದನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಗುಡಿಯೊಳಗೆ ಹೋಗಬೇಕು, ಅದು ರೂಢಿ. ಎಷ್ಟೋ ವರ್ಷದಿಂದ ಹೊತ್ತವಳು ಅಕ್ಕ. ಆ ವರ್ಷ ಅವಳ ಮೊಣಕಾಲು ಪೂರಾ ಸವೆದಿತ್ತು. ಬಾಗಲಕೋಟೆಯ ಡಾಕ್ಟರು ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದರು. ಅಕ್ಕ ಅವರಿಗೆ ಹೇಳಿದ್ದು: "ಇದೊಂದ ಸಲ ತಾಯಿಗೆ ಸೀರಿ ಹೊತ್ತ ಬರ್ತೇನ್ರಿ. ಆಮ್ಯಾಲೆ ಕಾಲ ನಿಮ್ಮದು, ಏನರ ಮಾಡ್ಕೋರಿ." ಅದು ಅವಳ ಕೊನೆಯ ನಡಿಗೆ ಎಂದು ಓಣಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಆದರೆ ನಮ್ಮ ನಡಿಗೆ ಎಂದರೆ ಅದೊಂದು ಗೊಂದಲ. ಮೂರು ದಿನದ ಹಾದಿ ನಾಲ್ಕಾಗುತ್ತಿತ್ತು. ಗುಡೂರು ಬಂದರೆ ಅರ್ಧ ಮಂದಿ ಬೀಗರ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಒಬ್ಬ ಚಹಾ ಕುಡಿದು ಬರುತ್ತೇನೆಂದು ಹಿಂದೆ ಉಳಿದವನು ಎಲ್ಲರಿಗಿಂತ ಮೊದಲು ಬಾದಾಮಿಯಲ್ಲಿ ಸ್ನಾನ ಮಾಡಿ, ಎಣ್ಣೆ ಹಚ್ಚಿ, ಕ್ರಾಪು ತೆಗೆದು ನಿಂತಿದ್ದ. ಬಸ್ಸಿನಲ್ಲಿ ಬಂದೆಯಾ ಎಂದರೆ "ತಾಯಿ ಕರಸ್ಕೊಂಡ್ಲು" ಎಂದ. ಇದನ್ನೆಲ್ಲ ನೋಡಿ ಓಣಿಯ ಹಿರಿಯರು ಬಸ್‌ಸ್ಟ್ಯಾಂಡ್ ಆಳಿದ ನನ್ನನ್ನೇ ಮುಂದಾಳು ಮಾಡಿದರು. ನಾನು ಟ್ರಂಕಿನಿಂದ ಸೀಟಿ ತೆಗೆದು ಒರೆಸಿದೆ.

ಅದೇ ವಾರ ಮೊಮ್ಮಗಳು ರಜೆಗೆ ಬಂದಳು. ಅವಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಗಟ್ಟಿಯಾಗಿ ಓದಿದರೇ ಅವಳ ತಲೆಗೆ ಹತ್ತುವುದು. "ಅಜ್ಜಾ, ನೀ ಎದುರಿಗೆ ಕೂಡು, ನಾ ಓದ್ತೇನಿ" ಎಂದಳು. ನಾನು ಕೂತೆ. ಅಕ್ಕ ಮತ್ತು ಹೆಂಡತಿ ಪಕ್ಕದಲ್ಲೇ ತಾಯಿಯ ಸೀರೆಗೆ ಕೊಂಡಿ ಹಾಕುತ್ತಿದ್ದರು. ಅವತ್ತಿನ ಪಾಠ ಹಳೆಯ ಚೀನಾ.

ಎರಡು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಒಂದೇ ದೇಶವಿರಲಿಲ್ಲವಂತೆ, ಹಲವು ರಾಜ್ಯಗಳು ಕಚ್ಚಾಡುತ್ತಿದ್ದವಂತೆ. ಪಶ್ಚಿಮದ ಅಂಚಿಗೆ ಚಿನ್ ಎಂಬ ರಾಜ್ಯ. ಉಳಿದವರು ಅವರನ್ನು ಒರಟರೆಂದು ಮೂಗು ಮುರಿಯುತ್ತಿದ್ದರು. ಅಲ್ಲಿಯ ದೊರೆ ಹೊರಗಿನಿಂದ ಒಬ್ಬ ಮಂತ್ರಿಯನ್ನು ಕರೆಸಿಕೊಂಡ. ಈ ಮಂತ್ರಿಗೆ ಕಾಯ್ದೆ ಒಂದೇ ದೇವರು. ಮನೆತನದಿಂದ ಬರುವ ಪದವಿ ಇಲ್ಲ, ರಣದಲ್ಲಿ ಗೆದ್ದವನಿಗೆ ಪದವಿ. ತೂಕ, ಅಳತೆ ಎಲ್ಲೆಡೆ ಒಂದೇ. ಐದೈದು ಮನೆಗೆ ಒಂದು ಗುಂಪು, ಒಬ್ಬನು ತಪ್ಪಿದರೆ ಎಲ್ಲರಿಗೂ ಶಿಕ್ಷೆ. ಗೊತ್ತಿದ್ದೂ ಹೇಳದವನನ್ನು ಸೊಂಟಕ್ಕೆ ಕತ್ತರಿಸುವುದು. ಹೇಳಿದವನಿಗೆ ಶತ್ರುವಿನ ತಲೆ ತಂದಷ್ಟೇ ಬಹುಮಾನ. ದೊರೆಯ ಮಗನೇ ತಪ್ಪಿದಾಗ ಅವನ ಗುರುಗಳಿಗೆ ಶಿಕ್ಷೆ ಕೊಟ್ಟನಂತೆ, ಮರುದಿನದಿಂದ ರಾಜ್ಯವೆಲ್ಲ ನೆಟ್ಟಗೆ.

"ಇಂಥಾವನ್ನ ಕಟ್ಕೊಂಡಾಕಿ ಯಾರೋ, ಪಾಪ" ಎಂದಳು ನನ್ನ ಹೆಂಡತಿ, ಎಳೆಯಿಂದ ಕಣ್ಣೆತ್ತದೆ.

"ಅದರಾಗ ನೇಕಾರರ ಸುದ್ದಿ ಐತೇನವಾ?" ಎಂದು ಅಕ್ಕ ಕೇಳಿದಳು.

"ಐತಿ ಮುತ್ತಜ್ಜಿ. ಕಾಳು, ಬಟ್ಟಿ ಹೆಚ್ಚಿಗಿ ಮಾಡಿದವರಿಗೆ ಬಿಟ್ಟಿ ಚಾಕರಿ ಮಾಫಿ."

"ಶಾಣ್ಯಾ ಇದ್ದಾನ ಬಿಡು. ಮತ್ತ ಕೆಲಸಾ ಬಿಟ್ಟು ಕುಂತವ್ರಿಗೆ?"

"ಅವರನ್ನ ಹಿಡದು ಆಳ ಮಾಡ್ತಿದ್ರಂತ."

ಇಬ್ಬರೂ ಒಮ್ಮೆಲೇ ತಿರುಗಿ ನನ್ನನ್ನು ನೋಡಿದರು. ನಾನು ಚಹಾ ತರುತ್ತೇನೆಂದು ಎದ್ದುಹೋದೆ. ಹಿಂತಿರುಗುವಷ್ಟರಲ್ಲಿ ಮೊಮ್ಮಗಳು ಎರಡು ಪುಟ ದಾಟಿದ್ದಳು, ಮರುದಿನ ಪುಸ್ತಕ ಸಮೇತ ವಿದ್ಯಾಗಿರಿಗೆ ಹೋದಳು. ಮಂತ್ರಿಯ ಕಥೆ ನನಗೆ ಅರ್ಧವೇ ಸಿಕ್ಕಿತು. ಅರ್ಧವೇ ಸಾಕಾಯಿತು. ನನಗೆ ಆ ಮಂತ್ರಿಯ ಹುಚ್ಚು ಹಿಡಿಯಿತು. ಮೂವತ್ತು ವರ್ಷ ಸೀಟಿ ಊದಿ ನಾನು ಸಾಧಿಸಲಾಗದ್ದನ್ನು ಅವನು ನಾಲ್ಕು ಸಾಲು ಬರೆಸಿ ಸಾಧಿಸಿದ್ದ.

ನಾನೂ ಬರೆಸಿದೆ. ಐದೈದು ಮಂದಿಯ ಗುಂಪು. ಪ್ರತಿಯೊಬ್ಬರ ಕೊರಳಿಗೆ ನಂಬರಿನ ಕಾರ್ಡು. ಕಾರ್ಡು ತೋರಿಸದವರಿಗೆ ಊಟವೂ ಇಲ್ಲ, ಮಲಗಲು ಜಾಗವೂ ಇಲ್ಲ. ಗಾಡಿ ಹತ್ತಿದವರು ಸೀರೆಯ ಬುಟ್ಟಿ ಮುಟ್ಟುವಂತಿಲ್ಲ, ಮುಂದೆ ನಡೆಯುವಂತಿಲ್ಲ, ಮನೆಗೆ ವಾಪಸ್. ಅವರ ಗುಂಪಿನವರು ಎಲ್ಲರ ಹಿಂದೆ ನಡೆಯಬೇಕು. ತಪ್ಪು ಕಂಡು ಹೇಳಿದವರಿಗೆ ಮಾತ್ರ ಮಾಫಿ, ಮೇಲೆ ಅರ್ಧ ಕಿಲೋ ಅಮೀನಗಡದ ಕರದಂಟು. ಇದನ್ನು ಓದಿ ಹೇಳಿದಾಗ ಓಣಿಯವರು ಬಿದ್ದು ಬಿದ್ದು ನಕ್ಕರು. ಯಾರೂ ನಂಬಲಿಲ್ಲ.

ಮಂತ್ರಿಗೂ ಹೀಗೇ ಆಗಿತ್ತಂತೆ. ಜನ ತನ್ನ ಮಾತು ನಂಬಲಿ ಎಂದು ಅವನು ಪೇಟೆಯ ದಕ್ಷಿಣ ಬಾಗಿಲಲ್ಲಿ ಒಂದು ಕಂಬ ನೆಡಿಸಿ, ಇದನ್ನು ಉತ್ತರ ಬಾಗಿಲಿಗೆ ಒಯ್ದವನಿಗೆ ಬಂಗಾರ ಎಂದು ಸಾರಿದ. ಯಾರೂ ಮುಟ್ಟಲಿಲ್ಲ. ಬಹುಮಾನ ಏರಿಸಿದ. ಕೊನೆಗೆ ಒಬ್ಬ ಹೊತ್ತ, ಬಂಗಾರ ಪಡೆದ, ಆಮೇಲೆ ಕಾಯ್ದೆ ಹೊರಟಿತು. ನಾನೂ ನೀರಿನ ಟ್ಯಾಂಕಿನ ಹತ್ತಿರ ಒಂದು ಬಿದಿರು ಗಳ ನಿಲ್ಲಿಸಿ, ಓಣಿಯ ಆ ತುದಿಗೆ ಒಯ್ದವರಿಗೆ ಒಂದು ಕಿಲೋ ಕರದಂಟು ಎಂದು ಸೀಟಿ ಊದಿ ಸಾರಿದೆ.

ಓಣಿ ಪೂರಾ ಹೊರಗೆ ಬಂತು. ಗಳದ ಸುತ್ತ ನಿಂತು ನೋಡಿದರು. ಒಬ್ಬ "ಇದರಾಗ ಕರೆಂಟ್ ಬಿಟ್ಟಾನೇನೋ" ಎಂದ. ಇನ್ನೊಬ್ಬ "ಏ, ಹೊತ್ತವರ ಫೋಟೋ ಹೊಡದು ಪೇಪರಿನ್ಯಾಗ ಹಾಕಸ್ತಾನ" ಎಂದ. ಒಂದು ಕಿಲೋ ಎರಡಾಯಿತು. ಎರಡಾದ ಕೂಡಲೇ ಸಂಶಯವೂ ಎರಡಾಯಿತು. ಬಿಸಿಲೇರಿತು. ಗಳ ನಿಂತೇ ಇತ್ತು, ನಾನೂ ಅದರ ಪಕ್ಕ ನಿಂತೇ ಇದ್ದೆ, ಯಾವುದು ಗಳ ಯಾವುದು ನಾನು ಎಂದು ಗುರುತು ಸಿಗದ ಹಾಗೆ.

ಆಗ ಅಕ್ಕ ಕುಂಟುತ್ತ ಮನೆಯಿಂದ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಳವನ್ನು ಹೆಗಲಿಗೆ ಏರಿಸಿ, ಒಂದು ಹೆಜ್ಜೆ ನಡೆದು ಒಂದು ಹೆಜ್ಜೆ ನಿಂತು, ಓಣಿಯ ಆ ತುದಿಗೆ ಒಯ್ದು ಗೋಡೆಗೆ ಆನಿಸಿದಳು. ನಾನು ಎಲ್ಲರೆದುರು ಎರಡು ಕಿಲೋ ಪೊಟ್ಟಣ ಕೊಟ್ಟೆ. ಅಲ್ಲೇ ಒಡೆದು ಎಲ್ಲರಿಗೂ ಹಂಚಿಬಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನನ್ನ ತಮ್ಮ ಬಿಸಲಾಗ ಹಿಂಗ ನಿಂತದ್ದು ನೋಡಾಕ ಆಗಲಿಲ್ಲೋ" ಎಂದಳು. ಅವತ್ತಿನಿಂದ ಓಣಿ ನನ್ನ ಮಾತು ನಂಬಿತು. ನನ್ನ ಕಾಯ್ದೆ ನಿಂತದ್ದು ಅವಳ ಸವೆದ ಮೊಣಕಾಲಿನ ಮೇಲೆ.

ನಡಿಗೆಯ ಮೊದಲ ದಿನ ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಸೀಟಿ ಊದಿದರೆ ಏಳುತ್ತಾರೆ, ಊದಿದರೆ ನಿಲ್ಲುತ್ತಾರೆ. ಐದೈದು ಮಂದಿಯ ಸಾಲು. ಯಾವ ವರ್ಷವೂ ಸಂಜೆಗೆ ಮುಂಚೆ ಗುಡೂರು ಕಾಣದ ನಾವು ಮಧ್ಯಾಹ್ನದ ಊಟಕ್ಕೇ ಮುಟ್ಟಿದೆವು. ಊಟ ಬಡಿಸುವವನು ನಮ್ಮ ಓಣಿಯವನೇ, ಮದುವೆ ಮುಂಜಿಗೆ ಅಡಿಗೆ ಮಾಡುವವನು. ಊಟ ಇನ್ನೂ ಆಗಿರಲಿಲ್ಲ. "ಇಷ್ಟ ಜಲ್ದಿ ಯಾರ ಬರಾಕ ಹೇಳಿದ್ರು ನಿಮಗ?" ಎಂದು ಸೌಟು ಹಿಡಿದೇ ಜಗಳಕ್ಕೆ ಬಂದ.

ಆಮೇಲೆ ದೂರುಗಳು ಶುರುವಾದವು. ರಾತ್ರಿ ತಂಗಿದ ಶಾಲೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತೆ. ಒಬ್ಬಾಕೆ ಎರಡು ಬಾಳೆಹಣ್ಣು ತಿಂದಳು. ಒಬ್ಬ ಬೇಕೆಂದೇ ಗೊರಕೆ ಹೊಡೆಯುತ್ತಾನೆ. ಒಬ್ಬ ದೇವರ ಹೆಸರು ಹೇಳುವಾಗ ಬಾಯಿ ಮಾತ್ರ ಆಡಿಸುತ್ತಾನೆ, ದನಿ ಇಲ್ಲ. ಆರು ಪುಟ ತುಂಬಿದವು. ಕೊನೆಗೆ ಒಬ್ಬ ಮುದುಕ ಬಂದು ಕೈಕಟ್ಟಿ ನಿಂತ.

"ಯಾರ ಮ್ಯಾಲೆ ತಕರಾರ?"

"ನನ್ನ ಮ್ಯಾಲೇ ರೀ. ನಾ ಬೀಡಿ ಸೇದೀನಿ. ನಾನ ನೋಡೀನಿ, ನಾನ ಹೇಳಾಕ ಬಂದೀನಿ. ಕರದಂಟು ಕೊಡ್ರಿ."

ಕಾಯ್ದೆಯ ಪ್ರಕಾರ ಕೊಡಲೇಬೇಕಾಯಿತು.

ಇನ್ನೊಂದು ಕಂಡದ್ದನ್ನು ಹೇಳಬೇಕು. ಎರಡನೆಯ ದಿನ ದಾರಿಯಲ್ಲಿ ಯಾರದೋ ಟವೆಲ್ ಬಿದ್ದಿತ್ತು. ಹೊಸ ಟವೆಲ್. ಇಡೀ ಸಾಲು ಅದನ್ನು ಬಳಸಿಕೊಂಡು ದಾಟಿತು, ಹಾವು ಮಲಗಿದ್ದರೆ ದಾಟುವಂತೆ. ಎತ್ತಿಕೊಂಡರೆ ಕದ್ದನೆಂದು ಯಾರಾದರೂ ಹೇಳಬಹುದು. ಬಿಟ್ಟರೆ ಯಾರೂ ಏನೂ ಹೇಳುವಂತಿಲ್ಲ. ನನಗೆ ಆನಂದವಾಯಿತು. ಚಿನ್ ರಾಜ್ಯದಲ್ಲೂ ದಾರಿಯಲ್ಲಿ ಬಿದ್ದ ವಸ್ತುವನ್ನು ಯಾರೂ ಮುಟ್ಟುತ್ತಿರಲಿಲ್ಲ ಎಂದು ಮೊಮ್ಮಗಳು ಓದಿದ್ದಳು. ಟವೆಲ್ಲಿನ ಒಡೆಯ ಹಿಂದೆಯೇ ಬರುತ್ತಿದ್ದ, ಅವನೂ ಮುಟ್ಟಲಿಲ್ಲ. ನಿನ್ನದೇ ಅಲ್ಲವೇನೋ ಎಂದರೆ "ನಂದ ಅಂತ ಸಾಕ್ಷಿ ಯಾರ ಹೇಳ್ತಾರ?" ಎಂದು ನಡೆದೇಬಿಟ್ಟ. ಹಿಂದಿನ ವರ್ಷಗಳಲ್ಲಾದರೆ ಯಾರೋ ಎತ್ತಿಕೊಂಡು, "ಯಾರದಲೇ ಇದು, ಹೆಂಡ್ತಿಗೆ ಹೇಳ್ತೇನಿ ನೋಡು" ಎಂದು ಕೂಗಿ, ಅರ್ಧ ತಾಸು ನಗೆಯಾಟ ನಡೆದು ಟವೆಲ್ ಮನೆ ಸೇರುತ್ತಿತ್ತು. ಅವತ್ತು ನನಗೆ ಅದು ಹೊಳೆಯಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಅದೇ ಮಧ್ಯಾಹ್ನ ನಾನು ಎಲ್ಲರಿಗಿಂತ ಮುಂದೆ ಹೋಗಿ, ಸಾಲು ಪೂರಾ ಕಾಣಲಿ ಎಂದು ಒಂದು ದಿಬ್ಬ ಹತ್ತಿ ಬೇವಿನ ಮರದ ಕೆಳಗೆ ನಿಂತಿದ್ದೆ. ಹೊಲದ ಅಡ್ಡದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಬಂತು. ಖಾಲಿ ಟ್ರೇಲರಿನಲ್ಲಿ ಅಕ್ಕ ಕೂತಿದ್ದಳು. ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡಿದ್ದಳು. ನನ್ನ ಹೆಂಡತಿ ಪಕ್ಕದಲ್ಲೇ, ಟ್ರೇಲರಿನ ಅಂಚಿಗೆ ಕೈ ಕೊಟ್ಟು, ಅರ್ಧ ಓಡುತ್ತ ಅರ್ಧ ನಡೆಯುತ್ತ ಬರುತ್ತಿದ್ದಳು. ದಿಬ್ಬದ ಬುಡದಲ್ಲಿ ಅಕ್ಕನನ್ನು ಇಳಿಸಿಕೊಂಡಳು. ಇಬ್ಬರೂ ಅತ್ತಿತ್ತ ನೋಡಿ, ಹುಡುಗಿಯರ ಹಾಗೆ ಬಾಯಿಗೆ ಸೆರಗು ಒತ್ತಿ ನಕ್ಕರು. ಅವರ ಗುಂಪಿನ ಉಳಿದ ಮೂವರು ಸಾಲಿನ ಜೊತೆ ಹಿಂದೆ ದೊಡ್ಡ ರಸ್ತೆಯಲ್ಲಿದ್ದರು. ಅವರು ನೋಡಿರಲಿಲ್ಲ. ನಾನು ನೋಡಿದ್ದು ಇವರಿಬ್ಬರಿಗೆ ಗೊತ್ತಾಗಲಿಲ್ಲ.

ಅಲ್ಲೇ ಇಳಿದು ಹೋಗಿ "ಅಕ್ಕಾ, ಕಾಲ ಭಾಳ ನೋಯಾಕತ್ತೈತೇನು" ಎಂದಿದ್ದರೆ ಮುಗಿಯುತ್ತಿತ್ತು. ಇಲ್ಲವೇ, ಕಾಯ್ದೆ ಕಾಯ್ದೆಯೇ ಎಂದು ನಾನೇ ಎಲ್ಲರೆದುರು ಹೇಳಬಹುದಿತ್ತು, ನಾನೇ ನೋಡಿದೆ ಎಂದು. ನನ್ನ ತಲೆಯಲ್ಲಿ ದೊರೆಯ ಮಗನ ಗುರುಗಳು ಕುಣಿಯುತ್ತಿದ್ದರು. ಮುಂದಾಳಿನ ಅಕ್ಕನೇ ತಪ್ಪಿದಳು, ಮುಂದಾಳಿನ ಹೆಂಡತಿಯೇ ಹೇಳಿದಳು ಎಂದಾದರೆ, ನನ್ನ ಕಾಯ್ದೆಯ ಮುಂದೆ ಇನ್ನಾರು ತಲೆ ಎತ್ತುತ್ತಾರೆ? ಈ ಯೋಚನೆ ಬಂದಾಗ ನನಗೆ ಬೇಸರವಾಗಲಿಲ್ಲ. ಹೆಂಡ ಕುಡಿದವನ ಹಾಗೆ ಖುಷಿಯಾಯಿತು. ಇದನ್ನು ಬರೆಯಲೆಂದೇ ಎರಡು ವರ್ಷ ಬೇಕಾಯಿತು.

ಸಂಜೆ ಬಿಸಿಲು ಇರುವಾಗಲೇ ಪಟ್ಟದಕಲ್ಲು ಮುಟ್ಟಿದೆವು. ಎಲ್ಲರನ್ನೂ ಕೂಡಿಸಿ ಗುಂಪು ಗುಂಪಾಗಿ ಕೇಳಿದೆ: ಇವತ್ತು ಯಾರಾದರೂ ಗಾಡಿ ಹತ್ತಿದರೇ? ಅಕ್ಕನ ಗುಂಪಿನ ಸರದಿ ಬಂತು. ಮೂವರು ಇಲ್ಲ ಎಂದರು. ಅಕ್ಕನಿಗೆ ನಾನು ಬಾಯಿ ತೆರೆಯಲು ಬಿಡಲಿಲ್ಲ, ನೇರ ಹೆಂಡತಿಯ ಕಡೆ ತಿರುಗಿದೆ.

"ನೀ ಹೇಳು."

"ಏನ ಹೇಳ್ಲಿ? ನಡೀರಿ, ಚಹಾ ಆರತೈತಿ" ಎಂದಳು ನಗುತ್ತ. ಸುತ್ತಲಿದ್ದವರೂ ನಕ್ಕರು.

ಎರಡನೆಯ ಸಲ ಕೇಳಿದೆ. ನಗು ನಿಂತಿತು. ಅವಳು ಅವ್ವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮೂರನೆಯ ಸಲ, ತಾಯಿ ಬನಶಂಕರಿಯ ಮೇಲೆ ಆಣೆ ಹಾಕಿ ಕೇಳಿದೆ. ಪಕ್ಕದಲ್ಲಿದ್ದ ಬುಟ್ಟಿಯಲ್ಲಿ ಅವಳೇ ಕೊಂಡಿ ಹಾಕಿದ ಸೀರೆ ಇತ್ತು.

ಮದುವೆಗೆ ಮುಂಚೆ ಅವಳು ನನ್ನನ್ನು ಮಾಮಾ ಎನ್ನುತ್ತಿದ್ದಳು. ಆಮೇಲೆ ನಲವತ್ತು ವರ್ಷ ಅಂದಿರಲಿಲ್ಲ. ಅವತ್ತು ಅಂದಳು. "ಹೂಂ ಮಾಮಾ. ಅವ್ವ ಹತ್ತಿದ್ಲು."

ಅಕ್ಕ ಏನೂ ವಾದಿಸಲಿಲ್ಲ. "ಖರೆ ಐತಿ. ಕಾಲ ಕೇಳಲಿಲ್ಲ" ಎಂದು ಕೊರಳಿನ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು. "ಈಗ ತಮ್ಮ ಮಾತಾಡಾಕತ್ತಾನೋ, ಅಳಿಯಾ ಮಾತಾಡಾಕತ್ತಾನೋ?" ಎಂದು ಕೇಳಿದಳು. ನಾನು "ಕಾಯ್ದೆ" ಎಂದೆ. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ನಾನು ಅರ್ಧ ಕಿಲೋ ಕರದಂಟಿನ ಪೊಟ್ಟಣ ತೆಗೆದು, ಎಲ್ಲರೆದುರು, ಹೆಂಡತಿಯ ಕೈಯಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಅಕ್ಕ ಬಸ್ ಹತ್ತಿ ಇಳಕಲ್ಲಿಗೆ ವಾಪಸಾದಳು. ಬಸ್ಸು ಸರಿಯಾದ ವೇಳೆಗೆ ಬಂದಿತ್ತು, ಅದೂ ನೆನಪಿದೆ. ಕೊನೆಯ ಹಾದಿಯಲ್ಲಿ ಬುಟ್ಟಿ ಹೊತ್ತವಳು ನನ್ನ ಹೆಂಡತಿ. ಅವಳು ಒಂದು ಸಲವೂ ತಲೆ ಎತ್ತಲಿಲ್ಲ, ಭಾರಕ್ಕೆ ಎಂದುಕೊಂಡೆ. ಒಂದು ಸೀರೆಯ ಭಾರ ಎಷ್ಟಿದ್ದೀತು?

ಈಗ ನಗುವ ಸಂಗತಿ. ಗುಡಿಯ ಹತ್ತಿರದ ಛತ್ರದಲ್ಲಿ ಊಟದ ಪಂಕ್ತಿ ಹಾಕಿದ್ದರು. ನಾನು ಹೊಂಡದಲ್ಲಿ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಊರು ಗೆದ್ದವನ ಹಾಗೆ ಒಳಗೆ ಹೋದೆ. ಅಡಿಗೆಯವನು ಬಾಗಿಲಲ್ಲಿ ಸೌಟು ಅಡ್ಡ ಹಿಡಿದ.

"ಕಾರ್ಡ್ರಿ?"

ಸ್ನಾನಕ್ಕೆ ಮುಂಚೆ ಕೊರಳಿನಿಂದ ತೆಗೆದ ಕಾರ್ಡು ಹಳೆಯ ಅಂಗಿಯ ಕಿಸೆಯಲ್ಲಿತ್ತು. ಹಳೆಯ ಅಂಗಿ ನೆನೆಹಾಕಿದ ಬಕೆಟ್ಟಿನಲ್ಲಿತ್ತು. ಹೋಗಿ ತೆಗೆದರೆ ರಟ್ಟು ಗಂಜಿಯಾಗಿತ್ತು.

"ಏ, ನಾ ಯಾರ ಅಂತ ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ಆದ್ರ ಮಾರಿ ನೋಡಿ ಬಡಸಬ್ಯಾಡ ಅಂತ ನೀವ ಬರಿಸೀರಿ. ಬಡಸಿದ್ರ ಈ ಮುದುಕ ಹೋಗಿ ನನ್ನ ಮ್ಯಾಲೆ ಹೇಳ್ತಾನ, ಕರದಂಟು ತಿಂತಾನ." ಪಂಕ್ತಿಯಲ್ಲಿ ಕೂತ ಬೀಡಿಯ ಮುದುಕ ಹೌದೆಂದು ತಲೆ ಆಡಿಸಿದ. ಇಡೀ ಪಂಕ್ತಿ ಹೋಳಿಗೆಯ ಮೇಲೆ ತುಪ್ಪ ಹಾಕಿಕೊಂಡು ನನ್ನನ್ನು ನೋಡುತ್ತಿತ್ತು. ಒಬ್ಬರೂ ‘ಬಿಡೋ, ಬರಲಿ’ ಎನ್ನಲಿಲ್ಲ. ಹೇಗೆ ಅಂದಾರು, ಐದೈದು ಮಂದಿ ಕೂತಿದ್ದರು.

ಹೊರಗೆ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಗೆ ಫೋನು ಹಚ್ಚಿದೆ. ಅಕ್ಕನ ಸಂಗತಿ ಹೇಳುವ ಮೊದಲೇ, ನನ್ನದೇ ಕಾಯ್ದೆ ಹಿಡಿದು ನನ್ನನ್ನು ಊಟಕ್ಕೆ ಬಿಡಲಿಲ್ಲ ಎಂದದ್ದಕ್ಕೇ ಅವಳು ಕಿರುಚಿದಂತೆ ನಕ್ಕಳು.

"ಅಜ್ಜಾ, ಆ ಮಂತ್ರಿದೂ ಹಿಂಗ ಆತು. ಓದಿ ಹೇಳಿರಲಿಲ್ಲೇನ ನಿಂಗ?"

"ಚಹಾ ತರಾಕ ಹೋಗಿದ್ನೆವಾ."

ಅವಳು ಹೇಳಿದಳು. ಹಳೆಯ ದೊರೆ ಸತ್ತ. ಗುರುಗಳಿಗೆ ಶಿಕ್ಷೆಯಾದದ್ದನ್ನು ನುಂಗಿಕೊಂಡಿದ್ದ ಮಗ ದೊರೆಯಾದ. ಮಂತ್ರಿ ತಪ್ಪಿಸಿಕೊಂಡು ಓಡಿ ಗಡಿಯ ಹತ್ತಿರ ಒಂದು ಛತ್ರದಲ್ಲಿ ಜಾಗ ಕೇಳಿದ. ಗುರುತಿನ ಚೀಟಿ ಇಲ್ಲದವರನ್ನು ಇಟ್ಟುಕೊಂಡರೆ ಮಂತ್ರಿಯ ಕಾಯ್ದೆ ನಮ್ಮನ್ನು ಹಿಡಿಯುತ್ತದೆ ಎಂದು ಛತ್ರದವನು ಬಾಗಿಲು ಹಾಕಿದ. ಕೊನೆಗೆ ಮಂತ್ರಿಯ ಮೈಯನ್ನು ರಥಗಳಿಗೆ ಕಟ್ಟಿ ಎಳೆಸಿದರು. ಆದರೆ ಕಾಯ್ದೆಯನ್ನು ಮಾತ್ರ ಇಟ್ಟುಕೊಂಡರು. ಅದೇ ಬಲದಲ್ಲಿ ಚಿನ್ ಮುಂದೆ ಎಲ್ಲ ರಾಜ್ಯಗಳನ್ನೂ ನುಂಗಿತು, ನುಂಗಿದ ಮೇಲೆ ಹದಿನೈದು ವರ್ಷ ಕೂಡ ಬಾಳಲಿಲ್ಲ.

"ಇನ್ನೊಂದು ಪುಟಾ ಬಿಟ್ಟಿದ್ದಿ ನೀ," ಎಂದಳು. "ಆ ದೇಶದಾಗ ಬ್ಯಾರೆ ಗುರುಗಳೂ ಇದ್ರು. ತಂದಿ ತಾಯಿ ಮ್ಯಾಲೆ ಮಕ್ಕಳ ಕಡಿಂದ ಹೇಳಸೋದು ಧರ್ಮ ಅಲ್ಲ ಅಂತ ಅವರು ಈ ಕಾಯ್ದೆ ಒಪ್ಪಲಿಲ್ಲ. ಪರೀಕ್ಷಾಕ್ಕ ಭಾಳ ಸಲ ಬಂದೈತಿ ಆ ಪ್ರಶ್ನಿ."

ನಾನು ಫೋನು ಇಟ್ಟೆ. ಪಕ್ಕದಲ್ಲಿ ಯಾರೋ ಬಂದು ಕೂತರು. ಹೆಂಡತಿ. ಅವಳೂ ಉಂಡಿರಲಿಲ್ಲ. ಚೀಲದಿಂದ ಕರದಂಟಿನ ಪೊಟ್ಟಣ ತೆಗೆದು ನನ್ನ ಮುಂದಿಟ್ಟಳು. ದಾರ ಬಿಚ್ಚಿರಲಿಲ್ಲ. ಎದ್ದುಹೋದಳು.

ನನಗೆ ಹಸಿವಾಗಿತ್ತು. ಬಿಚ್ಚಿ ತಿಂದೆ. ಅರ್ಧ ಕಿಲೋ ಪೂರಾ. ಇದನ್ನೂ ಬರೆಯಬೇಕು.

ಒಂದು ತಿಂಗಳ ಮೇಲೆ ಅಕ್ಕನ ಆಪರೇಷನ್ ಆಯಿತು. ಬಾಗಲಕೋಟೆಯ ದವಾಖಾನೆಯಲ್ಲಿ, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ ಅವಳ ಕಾಲು ಮುಟ್ಟಿ ನಾನು ತಪ್ಪಾಯಿತು ಎಂದೆ. "ಆ ಕಾಲ ಬ್ಯಾಡೋ, ಹೊಸಾದು ಐತಿ, ಸವದೀತು" ಎಂದಳು. ನರ್ಸು ಬಂದು ನೋಡುವಷ್ಟು ಇಬ್ಬರೂ ನಕ್ಕೆವು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದಳು: "ನನಗ ಸಿಟ್ಟ ಬಂದದ್ದು ಗುಡೂರ ದಾಟೂತನಕ ಅಷ್ಟ. ಬಸ್ಸಿನ್ಯಾಗ ಕಿಡಕಿ ಸೀಟ ಸಿಕ್ಕಿತ್ತು. ಆದ್ರ ಆಕಿ ಅವತ್ತಿನಿಂದ ನನ್ನ ಕಣ್ಣಾಗ ಕಣ್ಣಿಟ್ಟ ನೋಡವಲ್ಲಳೋ ತಮ್ಮಾ."

ಮರುವರ್ಷ ಎಲ್ಲ ಕಾಯ್ದೆ ತೆಗೆದುಹಾಕಿದೆ, ಸೀಟಿಯನ್ನು ಬಸ್‌ಸ್ಟ್ಯಾಂಡಿಗೆ ಹೋಗಿ ಹೊಸ ಕಂಟ್ರೋಲರಿಗೆ ಕೊಟ್ಟೆ. ನಡಿಗೆ ಮತ್ತೆ ನಾಲ್ಕು ದಿನವಾಯಿತು. ಟವೆಲ್ ಬಿದ್ದರೆ ಎತ್ತುವವರು ಬಂದರು. ಆದರೆ ತಾಯಿಯ ಸೀರೆಗೆ ಕೊಂಡಿ ಹಾಕುವ ದಿನ ಹೆಂಡತಿ ಎದುರು ಕೂಡಲು ಒಪ್ಪಲಿಲ್ಲ. "ನನ್ನ ಕೈ ಬ್ಯಾಡ ಅದಕ್ಕ" ಎಂದಳು. ಅಕ್ಕ ಎಷ್ಟು ಕರೆದರೂ ಬರಲಿಲ್ಲ. ನಡುವಿನ ಬಾಗಿಲು ಮುಚ್ಚಿತ್ತು. ಕೊನೆಗೆ ಅಕ್ಕನ ಮನೆಯಲ್ಲಿ ಹೆಂಡತಿಯ ಜಾಗದಲ್ಲಿ ನಾನು ಕೂತೆ. ನಾನು ಎಳೆದರೆ ಹರಿಯುತ್ತದೆ, ಬಿಟ್ಟರೆ ಸಡಿಲಾಗುತ್ತದೆ. ಅಕ್ಕ ಬೈದು ಬೈದು ದಣಿದು ಮಧ್ಯಾಹ್ನ ಮಲಗಿದಳು. ಆಗ ಬಾಗಿಲು ಸದ್ದಿಲ್ಲದೆ ತೆರೆಯಿತು. ಹೆಂಡತಿ ಬಂದು ನನ್ನನ್ನು ಸರಿಸಿ ಕೂತಳು, ನನ್ನ ಕುಣಿಕೆಗಳನ್ನು ಬಿಚ್ಚಿ ಮತ್ತೆ ಹಾಕಿ, ಅಕ್ಕ ಏಳುವ ಮುಂಚೆ ಹೋದಳು. ನಾಲ್ಕು ದಿನ ಹೀಗೇ ನಡೆಯಿತು. ಅಕ್ಕ ಎದ್ದು ಕಣ್ಣು ಕಿರಿದು ಮಾಡಿ ಎಳೆ ನೋಡಿ, ಬಾಗಿಲ ಆಚೆ ಕೇಳಿಸಲಿ ಎಂದು ಜೋರಾಗಿ ಹೇಳುತ್ತಿದ್ದಳು: "ತಮ್ಮಾ, ಮಧ್ಯಾಹ್ನ ಆತಂದ್ರ ನಿನ್ನ ಕೈ ಭಾಳ ಚಂದ ಆಗತೈತಿ ನೋಡು."

ನಾಳೆ ಮತ್ತೆ ಕೊಂಡಿ. ಅಕ್ಕನ ಕೈ ಈಗ ನಡುಗುತ್ತದೆ. ಇನ್ನು ಎಷ್ಟು ಸೀರೆಯೋ. ಮಗಳು ಎದುರು ಕೂತು ಮಾತಾಡುತ್ತ ಒಂದು ಸೀರೆ ಮುಗಿಸಬೇಕು ಎಂಬುದೊಂದೇ ಆಸೆ ಅವಳಿಗೆ ಉಳಿದಿದೆ.

ಮಗಳಿಗೆ ಒಂದು ಮಾತು ಗೊತ್ತಿಲ್ಲ. ತಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ತನ್ನ ಬಾಯಿಂದಲೇ ಅವ್ವನ ಕೊನೆಯ ನಡಿಗೆ ತಪ್ಪಿತು ಎಂದು ಅವಳು ತಿಳಿದಿದ್ದಾಳೆ. ದಿಬ್ಬದ ಮೇಲೆ ನಾನು ಎಲ್ಲ ನೋಡಿ ನಿಂತಿದ್ದೆ ಎಂದು ಅವಳಿಗೆ ನಾನು ಹೇಳಿಲ್ಲ. ಅದನ್ನು ಹೇಳದೆ ಕ್ಷಮೆ ಕೇಳಲು ಬರುವುದಿಲ್ಲ, ಹೀಗಾಗಿ ಕೇಳೇ ಇಲ್ಲ. ಎಲ್ಲರ ಮುಂದೆ ಅವಳಿಂದ ಹೇಳಿಸಿದೆ. ಅದಕ್ಕೆ ಎಲ್ಲರೂ ಓದಲಿ ಎಂದು ಇದನ್ನು ಬರೆದೆ. ಆದರೆ ಮೊದಲು, ಅಕ್ಕನ ಮನೆಯಲ್ಲಿ ಕೂತು ಬರೆದ ಈ ನೋಟ್‌ಬುಕ್ಕನ್ನು ನಡುವಿನ ಬಾಗಿಲು ತೆರೆದು ಆಚೆ ಇರುವ ಒಬ್ಬಳ ಕೈಗೆ ಕೊಡಬೇಕು. ನಾನು ಇಂದಿನವರೆಗೂ ಕ್ಷಮೆ ಕೇಳದೆ ಉಳಿದದ್ದು ಅಕ್ಕನನ್ನಲ್ಲ, ಅಕ್ಕನ ಮಗಳನ್ನು. ನನ್ನ ಹೆಂಡತಿಯನ್ನು.